ಆರು ವಾರಗಳ ಲೆಕ್ಕ: 1914ರ ಸೆಪ್ಟೆಂಬರ್

ಫ್ರಾನ್ಸನ್ನು ಸುಮಾರು ಆರು ವಾರಗಳಲ್ಲಿ ಮಣಿಸಿ, ವಿಶಾಲವಾದ ರಷ್ಯ ತನ್ನ ಸೈನ್ಯವನ್ನು ಪೂರ್ಣವಾಗಿ ಕೂಡಿಸಿಕೊಳ್ಳುವುದರೊಳಗಾಗಿ ಪಡೆಗಳನ್ನು ರೈಲುಗಳಲ್ಲಿ ಪೂರ್ವದಿಕ್ಕಿಗೆ ಸಾಗಿಸಿಬಿಡಬೇಕೆಂಬುದು ಜರ್ಮನಿಯ ಸೇನಾಪ್ರಮುಖರು ವರ್ಷಗಟ್ಟಲೆ ಕುಳಿತು ಹಾಕಿಟ್ಟಿದ್ದ ಲೆಕ್ಕ. 1914ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಆ ಲೆಕ್ಕ ತಪ್ಪಬಹುದೆಂದು ಯಾರಿಗೂ ತೋರುವಂತಿರಲಿಲ್ಲ. ಬೆಲ್ಜಿಯಂ ದೇಶದ ಬಹುಭಾಗ ಆಗಲೇ ಜರ್ಮನರ ಕೈವಶವಾಗಿದ್ದಿತು. ಫ್ರೆಂಚರೂ, ಅವರ ನೆರವಿಗೆಂದು ಬಂದಿದ್ದ ಬ್ರಿಟಿಷರ ಚಿಕ್ಕ ಸೈನ್ಯವೂ ದಿನದಿನಕ್ಕೆ ಹಿಂದೆಹಿಂದಕ್ಕೆ ಸರಿಯುತ್ತಿದ್ದುವು. 2ನೆಯ ತಾರೀಖು ಫ್ರೆಂಚ್ ಸರ್ಕಾರವೇ ಪ್ಯಾರಿಸನ್ನು ಬಿಟ್ಟು ಬೋರ್ಡೊ ಪಟ್ಟಣಕ್ಕೆ ಹೊರಟುಹೋಯಿತು.

ಆದರೆ ಬಲಪಾರ್ಶ್ವದ ಕೊನೆಯಲ್ಲಿದ್ದ ಜರ್ಮನ್ ಸೇನಾನಿ ಕ್ಲುಕ್, ಓಡುತ್ತಿರುವ ಶತ್ರುವನ್ನು ಬೆನ್ನಟ್ಟುವ ಉತ್ಸಾಹದಲ್ಲಿ, ಪ್ಯಾರಿಸ್ ನಗರವನ್ನು ಪಶ್ಚಿಮದಿಂದ ಸುತ್ತುವುದನ್ನು ಬಿಟ್ಟು ಅದರ ಪೂರ್ವಭಾಗಕ್ಕೆ ಹೊರಳಿದನು. ಹೀಗೆ ಅವನ ಪಕ್ಕೆ ಪ್ಯಾರಿಸ್ಸಿನ ಕಡೆಗೆ ತೆರೆದುಕೊಂಡುದನ್ನು ಫ್ರೆಂಚ್ ವಿಮಾನಿಗಳು ಮೇಲಿನಿಂದ ಕಂಡು ವರದಿಮಾಡಿದರು. ಅಂದಿನವರೆಗೆ ಸಿರಿವಂತರ ವಿನೋದವೆಂದು ಹಲವರು ನಗುತ್ತಿದ್ದ ಆ ಬಡಕಲು ಯಂತ್ರಗಳು ಯುದ್ಧದ ಗತಿಯನ್ನೇ ತಿರುಗಿಸುವ ಸುದ್ದಿಯನ್ನು ತಂದುವು. ನಗರದ ರಕ್ಷಣೆಯ ಹೊಣೆ ಹೊತ್ತಿದ್ದ ವೃದ್ಧ ಗ್ಯಾಲಿಯೆನಿ ಆ ಅವಕಾಶವನ್ನು ಒಡನೆಯೇ ಗುರುತಿಸಿದನು. ಮಹಾಸೇನಾಪತಿ ಜಾಫ್ರ್ ಸೈನ್ಯವೆಲ್ಲ ಹಿಮ್ಮೆಟ್ಟುವುದನ್ನು ನಿಲ್ಲಿಸಿ ತಿರುಗಿ ಬೀಳಬೇಕೆಂದು ಆಜ್ಞೆಯಿತ್ತನು. ಹೀಗೆ ಆರಂಭವಾದ ಮಾರ್ನ್ ನದಿಯ ಕದನವೆಂದರೆ ಇಂದಿಗೂ ಜನರ ನೆನಪಿಗೆ ಬರುವುದು ಸುಮಾರು 600 ಟ್ಯಾಕ್ಸಿಗಳಲ್ಲಿ ಸೈನಿಕರನ್ನು ರಾತ್ರೋರಾತ್ರಿ ರಣರಂಗಕ್ಕೆ ಒಯ್ದ ಕಥೆ. ಕೇಳಲು ಸೊಗಸಾದ ಕಥೆಯೇ ಹೌದು. ಆದರೆ ಲಕ್ಷಾಂತರ ಜನರು ಹೋರಾಡಿದ ಆ ಕದನದಲ್ಲಿ ಕೆಲವು ಸಾವಿರ ಮಂದಿಯ ಪ್ರಯಾಣ ಎಷ್ಟರದು? ಗೆಲುವನ್ನು ತಂದುದು ಬೇರೆ. ಕ್ಲುಕ್ ತನ್ನ ಪಕ್ಕೆಯನ್ನು ಕಾಪಾಡಿಕೊಳ್ಳಲು ಪಶ್ಚಿಮಕ್ಕೆ ತಿರುಗಿದುದರಿಂದ ಅವನ ಸೈನ್ಯಕ್ಕೂ ನೆರೆಯ ಬ್ಯೂಲೋವನ ಸೈನ್ಯಕ್ಕೂ ನಡುವೆ ದೊಡ್ಡ ಬಿರುಕೊಂದು ಬಿದ್ದಿತು. ಆ ಬಿರುಕಿನೊಳಕ್ಕೆ ಬ್ರಿಟಿಷರು, ಬಹಳ ಅಳುಕುತ್ತಲೇ ಎನ್ನಬೇಕು, ನಡೆದು ಬಂದರು. ದೂರದ ಲಕ್ಸೆಂಬರ್ಗಿನಲ್ಲಿ ಕುಳಿತು ಸುದ್ದಿಗಾಗಿ ಪರಿತಪಿಸುತ್ತಿದ್ದ ಜರ್ಮನ್ ಸೇನಾಮುಖ್ಯಸ್ಥ ಮೋಲ್ಟ್‌ಕೆ ತನ್ನ ಅಧಿಕಾರಿಯೊಬ್ಬನನ್ನು ಕಾರಿನಲ್ಲಿ ಕಳುಹಿಸಿದನು. ಅವನ ಭೇಟಿಯ ಬಳಿಕ, 9ನೆಯ ತಾರೀಖು, ಜರ್ಮನರು ಹಿಂದೆ ಸರಿಯತೊಡಗಿದರು. 14ರಂದು ಮೋಲ್ಟ್‌ಕೆಯ ಸ್ಥಾನಕ್ಕೆ ಫಾಲ್ಕೆನ್‌ಹೈನ್ ಬಂದನು.

ಆ ತಿಂಗಳ ಮಹತ್ತ್ವದ ಘಟನೆ ಯಾವುದೆಂದು ಕೇಳಿದರೆ ಬಹುಮಂದಿ ಮಾರ್ನ್ ಎನ್ನುವರು. ನನಗಾದರೋ ಅದರ ಮರುವಾರದಲ್ಲಿ ಏನ್ ನದಿಯ ಉತ್ತರದ ದಿಬ್ಬಗಳ ಮೇಲೆ ನಡೆದ ಕೆಲಸವೇ ಹೆಚ್ಚಿನದಾಗಿ ತೋರುತ್ತದೆ. ಹಿಂದೆ ಸರಿದ ಜರ್ಮನರು ಅಲ್ಲಿ ನಿಂತು, ಗುದ್ದಲಿ ಹಿಡಿದು ನೆಲವನ್ನು ತೋಡಿ ಕಂದಕಗಳಲ್ಲಿ ಇಳಿದು ಕುಳಿತರು. ಮೆಷಿನ್‌ಗನ್ನೊಂದನ್ನು ಇಟ್ಟುಕೊಂಡು ಕಂದಕದಲ್ಲಿ ಅಡಗಿದ ಹತ್ತು ಜನರು, ಬಯಲಿನಲ್ಲಿ ನಡೆದುಬರುವ ನೂರಾರು ಜನರನ್ನು ತಡೆಯಬಲ್ಲರೆಂಬುದು ಕೆಲವೇ ದಿನಗಳಲ್ಲಿ ವಿದಿತವಾಯಿತು; ಎದುರಾಳಿಗಳೂ ತೋಡಿದರು. ಎದುರಿನಿಂದ ಭೇದಿಸಲಾರದೆ ಒಬ್ಬರ ಪಕ್ಕೆಯನ್ನು ಒಬ್ಬರು ಬಳಸಿ ಹೋಗಲೆಳಸಿ, ಎರಡು ಸೈನ್ಯಗಳೂ ಉತ್ತರದ ಸಮುದ್ರದೆಡೆಗೆ ಸಾಲನ್ನು ಬೆಳೆಸುತ್ತ ಹೋದುವು.

ಪೂರ್ವದಲ್ಲಿಯೂ ಯಾರ ಎಣಿಕೆಯೂ ಪೂರ್ತಿಯಾಗಿ ಸಲ್ಲಲಿಲ್ಲ. ಜರ್ಮನ್ ಸೇನಾನಿ ಹಿಂಡನ್‌ಬರ್ಗನು ಮಸೂರಿಯದ ಸರೋವರಗಳ ಬಳಿ ರಷ್ಯನರನ್ನು ಪೂರ್ವಪ್ರಷ್ಯದಿಂದ ಹೊರದೂಡಿದನು; ಅದೇ ರಷ್ಯನರು ಆಸ್ಟ್ರಿಯದವರನ್ನು ಸೋಲಿಸಿ, 3ನೆಯ ತಾರೀಖು ಲೆಂಬರ್ಗ್ ನಗರವನ್ನು ಹಿಡಿದಿದ್ದರು. 5ರಂದು ಬ್ರಿಟನ್, ಫ್ರಾನ್ಸ್, ರಷ್ಯಗಳು ತಮ್ಮಲ್ಲಿ ಯಾರೂ ಪ್ರತ್ಯೇಕವಾಗಿ ಸಂಧಿಮಾಡಿಕೊಳ್ಳಕೂಡದೆಂದು ಲಂಡನ್ನಿನಲ್ಲಿ ಒಪ್ಪಂದಕ್ಕೆ ರುಜುಹಾಕಿದುವು.

ಸಮುದ್ರದ ಪಾಲಿಗೆ 22ನೆಯ ತಾರೀಖು ಮರೆಯಲಾಗದ ದಿನ. ಅಂದು ಬೆಳಿಗ್ಗೆ ಹಾಲೆಂಡಿನ ಕರಾವಳಿಯಾಚೆ ಗಸ್ತು ತಿರುಗುತ್ತಿದ್ದ ಅಬೂಕಿರ್ ಎಂಬ ಹಳೆಯ ಬ್ರಿಟಿಷ್ ಯುದ್ಧನೌಕೆ ಹಠಾತ್ತಾಗಿ ಸ್ಫೋಟಕ್ಕೆ ಸಿಕ್ಕಿತು. ನೀರೊಳಗಿನ ಸಿಡಿಗುಂಡಿಗೆ ತಗುಲಿರಬೇಕೆಂದು ಭಾವಿಸಿ, ಜೊತೆಯ ಹೋಗ್ ಮತ್ತು ಕ್ರೆಸಿ ಎಂಬ ಹಡಗುಗಳು ಮುಳುಗುವವರನ್ನು ಎತ್ತಿಕೊಳ್ಳಲು ಹತ್ತಿರ ಬಂದುವು. ಅಬೂಕಿರನ್ನೂ ಹಾಗೆ ನಿಂತ ಅವೆರಡನ್ನೂ, ಯು–9 ಎಂಬ ಒಂದೇ ಒಂದು ಜಲಾಂತರ್ಗಾಮಿ ನೌಕೆ ಎರಡು ತಾಸು ತುಂಬುವುದರೊಳಗಾಗಿ ಮುಳುಗಿಸಿಬಿಟ್ಟಿತು. ಸತ್ತವರು 1,400ಕ್ಕೂ ಮಿಗಿಲು. ಅವರಲ್ಲಿ ಮೀಸೆ ಮೂಡದ ನೌಕಾಶಾಲೆಯ ಹುಡುಗರೂ ಇದ್ದರು. ಅದೇ ದಿನ ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಬಂಗಾಳ ಕೊಲ್ಲಿಯಲ್ಲಿ ವ್ಯಾಪಾರದ ಹಡಗುಗಳನ್ನು ಬೇಟೆಯಾಡುತ್ತಿದ್ದ ಎಂಡೆನ್ ಎಂಬ ಜರ್ಮನ್ ನೌಕೆ, ದೀಪಗಳನ್ನೆಲ್ಲ ಬೆಳಗಿಸಿಕೊಂಡು ನಿಶ್ಚಿಂತೆಯಿಂದಿದ್ದ ಮದರಾಸಿನ ಮುಂದೆ ಬಂದು ನಿಂತು, ಬರ್ಮಾ ಎಣ್ಣೆ ಕಂಪನಿಯ ಉಗ್ರಾಣಗಳ ಮೇಲೆ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿ ಬೆಂಕಿಯಿಟ್ಟು, ಬಂದ ಹಾಗೆಯೇ ಕತ್ತಲೆಯಲ್ಲಿ ಮಾಯವಾಯಿತು. ಸತ್ತವರು ಬೆರಳೆಣಿಕೆಯಷ್ಟು; ಭೀತಿಗೆ ಮಾತ್ರ ಮೇರೆಯಿಲ್ಲದಾಯಿತು. ಜನರು ಗಂಟುಮೂಟೆಗಳೊಡನೆ ರೈಲುನಿಲ್ದಾಣಕ್ಕೆ ಧಾವಿಸಿದರು. ಕಡಲನ್ನಾಳುವವರೆಂಬ ಬ್ರಿಟಿಷರ ಹೆಸರಿಗೆ ಇಂಥ ಪೆಟ್ಟು ಈ ತೀರದಲ್ಲಿ ಬಹುಕಾಲದಿಂದ ಬಿದ್ದಿರಲಿಲ್ಲ. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಸಿಡ್ನಿ ಎಂಬ ಆಸ್ಟ್ರೇಲಿಯದ ನೌಕೆ ಎಂಡೆನನ್ನು ಹಾಳುಗೆಡಹುವವರೆಗೆ ನಾವಿಕರಿಗೆ ನಿದ್ರೆಯಿರಲಿಲ್ಲ.

ಯುದ್ಧವು ಈ ದೇಶದ ಬಾಗಿಲಿಗೆ ಬಂದಂತೆಯೇ ಈ ದೇಶವೂ ಯುದ್ಧಕ್ಕೆ ಹೊರಟಿದ್ದಿತು. ಸೆಪ್ಟೆಂಬರ್ 26ರಂದು ಭಾರತದ ಸೈನಿಕರ ಮೊದಲ ತಂಡಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದುವು. ಚಳಿಗಾಲಕ್ಕೆ ತಕ್ಕ ಉಡುಪಿಲ್ಲದ ಅವರನ್ನು ಫ್ರೆಂಚರು ಹೂವು ಎರಚಿ ಸ್ವಾಗತಿಸಿದರು. ಮೂರೇ ದಿನಗಳ ಮೇಲೆ, ಕೆನಡ ದೇಶವು ಒಳಗೆ ಬಿಡದೆ ಹಿಂದಟ್ಟಿದ ಕೊಮಗಾಟ ಮಾರು ಹಡಗಿನ ಪ್ರಯಾಣಿಕರ ಮೇಲೆ, ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಗುಂಡು ಹಾರಿತು. ಸತ್ತವರಲ್ಲಿ ಬಹುಮಂದಿ ಪಂಜಾಬಿನವರು. ಮಾರ್ಸೇಲ್ಸಿನಲ್ಲಿ ಇಳಿದವರಲ್ಲಿಯೂ ಅನೇಕರು ಅದೇ ಪಂಜಾಬಿನವರೇ.

ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧವೆಚ್ಚಕ್ಕಾಗಿ 50 ಲಕ್ಷ ರೂಪಾಯಿಗಳನ್ನು ನೀಡಿದರು. ಅಂದಿನ ಸಂಸ್ಥಾನದ ಬೊಕ್ಕಸಕ್ಕೆ ಅದು ಸಣ್ಣ ಮೊತ್ತವಲ್ಲ. ಅವರ ಅಶ್ವದಳವೂ ಸಜ್ಜಾಯಿತು. ಆದರೆ ಅದು ಹೋದುದು ಫ್ರಾನ್ಸಿಗಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ತುರ್ಕಿಯು ಡಾರ್ಡನೆಲ್ಸ್ ಜಲಸಂಧಿಯನ್ನು ಮುಚ್ಚಿ, ರಷ್ಯದ ಗೋಧಿ ಹೊರಕ್ಕೆ ಹೋಗದಂತೆಯೂ ಮಿತ್ರರ ಮದ್ದುಗುಂಡು ಒಳಕ್ಕೆ ಬರದಂತೆಯೂ ಮಾಡಿದ್ದಿತು. ಅದು ಜರ್ಮನಿಯ ಪಕ್ಷ ಸೇರಿದರೆ ಸೂಯೆಜ್ ಕಾಲುವೆಗೆ ಅಪಾಯ ಒದಗುವುದು ನಿಶ್ಚಯವಾಗಿದ್ದಿತು. ಆದುದರಿಂದ ಮೈಸೂರಿನ ಸವಾರರನ್ನು ಈಜಿಪ್ಟಿಗೆ ಕಳುಹಿಸಲಾಯಿತು. ಅವರು ಜೋಧಪುರದ ಸವಾರರೊಡಗೂಡಿ ಹೈಫಾ ಪಟ್ಟಣವನ್ನು ಹಿಡಿಯುವ ಹೊತ್ತಿಗೆ 1918ರ ಸೆಪ್ಟೆಂಬರ್ 23 ಆಗಿದ್ದಿತು.