ರೂಟರಿನ ಅತಿಯಾದ ಔದಾರ್ಯ

ಮನೆಯ ಒಂದು ಮೂಲೆಯನ್ನೇ ಕಚೇರಿಯಾಗಿ ಮಾಡಿಕೊಂಡವರ ಬಾಯಲ್ಲಿ ಪದೇ ಪದೇ ಕೇಳಿಬರುವ ದೂರೊಂದುಂಟು: ವೈಫೈ ಗುರುತು ಪೂರ್ಣವಾಗಿ ತೋರುತ್ತಿರುತ್ತದೆ, ವೇಗಪರೀಕ್ಷೆಯು ನೂರು ಮೆಗಾಬಿಟ್ಟಿಗೆ ಕಡಿಮೆಯಿಲ್ಲವೆಂದು ಸಾರುತ್ತದೆ, ಆದರೂ ಮೀಟಿಂಗಿನ ನಡುವೆ ಎದುರಿನವರ ಮುಖವು ಸ್ತಬ್ಧವಾಗಿ, ಮಾತು ತುಂಡುತುಂಡಾಗಿ ಕೇಳುತ್ತದೆ. ಕೂಡಲೇ ಇನ್ನಷ್ಟು ಹಣ ತೆತ್ತು ಮೇಲಿನ ಪ್ಲಾನನ್ನು ಕೊಳ್ಳುವವರುಂಟು. ಆದರೆ ವಿಡಿಯೊ ಕರೆಗೆ ಸೆಕೆಂಡಿಗೆ ಕೆಲವೇ ಮೆಗಾಬಿಟ್ಟುಗಳು ಸಾಕು, ಅದಕ್ಕೆ ಅತ್ಯವಶ್ಯವಾದುದು ಅವಿಳಂಬಿತವಾದ ಗಮನಾಗಮನ. ಮಾತು ಒಂದು ದಿಕ್ಕಿಗೆ ತಲಪಲು ೧೫೦ ಮಿಲಿಸೆಕೆಂಡಿಗಿಂತ ಬಹಳ ಹೆಚ್ಚು ಹಿಡಿಯಿತೆಂದರೆ, ಇಬ್ಬರೂ ಏಕಕಾಲಕ್ಕೆ ಬಾಯ್ದೆರೆದು ಏಕಕಾಲಕ್ಕೆ ಮೌನ ತಾಳುವ ವಿಚಿತ್ರ ಪ್ರಸಂಗ ಒದಗುತ್ತದೆ.

ವಿಳಂಬವೆಲ್ಲಿ ಹುಟ್ಟುತ್ತದೆಂದು ತಿಳಿಯುವ ಸಾಧನ ಹಳೆಯದೇ. ಅಮೆರಿಕದ ಮೈಕ್ ಮೂಸ್ ೧೯೮೩ರ ಡಿಸೆಂಬರಿನಲ್ಲಿ ರಚಿಸಿದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮು ಒಂದು ಕಿರಿಯ ಪ್ಯಾಕೆಟ್ಟನ್ನು ಕಳುಹಿ, ಪ್ರತ್ಯುತ್ತರ ಬರುವವರೆಗಿನ ಕಾಲವನ್ನು ಅಳೆಯುತ್ತದೆ. ಮೊದಲು ಮನೆಯ ರೂಟರಿಗೇ ಪಿಂಗ್ ಮಾಡತಕ್ಕದ್ದು. ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕಾದ ಉತ್ತರ ನೂರಾರಕ್ಕೆ ಏರಿಳಿಯುತ್ತಿದ್ದರೆ ದೋಷವು ವೈಫೈಯಲ್ಲಿದೆ: ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಹಾಯದ ಚಾನೆಲ್ಲುಗಳು ಮೂರೇ, ಅವನ್ನು ನೆರೆಹೊರೆಯವರೆಲ್ಲರೂ ಹಂಚಿಕೊಳ್ಳಬೇಕು; ಸಾಲದುದಕ್ಕೆ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲಿಯೇ ಗದ್ದಲವೆಬ್ಬಿಸುತ್ತದೆ. ೫ ಗಿಗಾಹರ್ಟ್ಸಿಗೆ ಹೋದರೆ ಗದ್ದಲ ಕಡಿಮೆ, ಗೋಡೆಯನ್ನು ದಾಟುವ ಶಕ್ತಿಯೂ ಕಡಿಮೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಲ್ಯಾನ್ ಕೇಬಲ್ಲು ಈ ಜಿಜ್ಞಾಸೆಯನ್ನೆಲ್ಲ ಒಮ್ಮೆಗೇ ಮುಗಿಸುತ್ತದೆ.

ರೂಟರಿನ ಉತ್ತರ ಚುರುಕಾಗಿದ್ದಲ್ಲಿ, ಹೊರಗಿನ ಯಾವುದಾದರೊಂದು ಸರ್ವರಿಗೆ ಪಿಂಗ್ ಮಾಡುತ್ತಲೇ ಮೊಬೈಲಿನ ಫೋಟೊಗಳನ್ನು ಅಪ್‌ಲೋಡ್ ಮಾಡಲಾರಂಭಿಸಿ ನೋಡಬೇಕು. ಇಪ್ಪತ್ತು ಮಿಲಿಸೆಕೆಂಡಿದ್ದುದು ಎಂಟುನೂರಕ್ಕೆ ನೆಗೆದರೆ ಮರ್ಮ ಹೊರಬಿದ್ದಂತೆಯೇ. ಹೊರಹೋಗುವ ಪ್ಯಾಕೆಟ್ಟುಗಳನ್ನು ಸರದಿಯಲ್ಲಿ ನಿಲ್ಲಿಸಲು ರೂಟರಿನಲ್ಲಿಯೂ ಮೋಡೆಮ್ಮಿನಲ್ಲಿಯೂ ಮೆಮೊರಿಯುಂಟು. ಅದು ಅಗ್ಗವಾದಂತೆಲ್ಲ ತಯಾರಕರು ಧಾರಾಳಿಗಳಾದರು. ಇಂಟರ್ನೆಟ್ಟಿನಲ್ಲಿ ಪ್ಯಾಕೆಟ್ಟುಗಳ ಸಾಗಾಟವನ್ನು ನಿಯಂತ್ರಿಸುವ, ಪ್ಯಾಕೆಟ್ಟು ಕಳೆದುಹೋದಾಗಲೇ ವೇಗವನ್ನು ತಗ್ಗಿಸುವ ಸ್ವಭಾವದ ಟಿಸಿಪಿ ಎಂಬ ನಿಯಮಾವಳಿಯು, ನಷ್ಟವೇ ಕಾಣದ ಕಾರಣ ಮತ್ತಷ್ಟು ಮತ್ತಷ್ಟು ಸುರಿಯುತ್ತ ಹೋಗುತ್ತದೆ. ಬಂದವರಾರನ್ನೂ ಹಿಂದಿರುಗಿಸದ ಛತ್ರದಲ್ಲಿ ಕೊನೆಯ ಪಂಕ್ತಿಗೆ ಎಲೆ ಬೀಳುವುದು ಅಪರಾಹ್ಣವಾಗುವಂತೆ, ನಿಮ್ಮ ಮಾತು ಫೋಟೊಗಳ ಹಿಂದೆ ಕಾದು ನಿಲ್ಲುತ್ತದೆ. ಸೆಕೆಂಡಿಗೆ ೧೦ ಮೆಗಾಬಿಟ್ ಸಾಗಿಸುವ ಮಾರ್ಗದೆದುರು ೧ ಮೆಗಾಬೈಟಿನ ಸರದಿ ನಿಂತಿತೆಂದರೆ ಕಾಯುವ ಕಾಲ ೦.೮ ಸೆಕೆಂಡು. ಅಮೆರಿಕದ ಪ್ರೋಗ್ರಾಮರ್ ಜಿಮ್ ಗೆಟ್ಟಿಸ್ ೨೦೧೦ರಲ್ಲಿ ಇದನ್ನು ತಮ್ಮ ಮನೆಯಲ್ಲಿಯೇ ಕಂಡು ‘ಬಫರ್‌ಬ್ಲೋಟ್’ ಎಂದು ಕರೆದರು. ಜಾಲತಂತ್ರಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ೨೦೧೨ರಲ್ಲಿ ಪ್ರಕಟಿಸಿದ ‘ಕೋಡೆಲ್’ ವಿಧಾನವು ಸರದಿಯ ಉದ್ದವನ್ನು ಎಣಿಸುವುದಿಲ್ಲ. ಕಾಯುವಿಕೆಯು ೧೦೦ ಮಿಲಿಸೆಕೆಂಡುಗಳ ಕಾಲ ೫ ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್ಟೊಂದನ್ನು ಬೇಕೆಂದೇ ಕೈಬಿಡುತ್ತದೆ. ಕಳುಹಿಸುವ ಯಂತ್ರ ಆಗ ಎಚ್ಚೆತ್ತು ನಿಧಾನಿಸುತ್ತದೆ. ಈ ಸೌಕರ್ಯವುಳ್ಳ ರೂಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ಶೇಕಡ ಹತ್ತರಷ್ಟು ಕೆಳಗಿಟ್ಟರೆ, ಸರದಿಯು ಮೋಡೆಮ್ಮಿನಲ್ಲಿ ಬೆಳೆಯದೆ ಅದನ್ನು ಆಳಬಲ್ಲ ರೂಟರಿನಲ್ಲಿಯೇ ನಿಲ್ಲುತ್ತದೆ. ಇಲ್ಲದವರು ಮೀಟಿಂಗಿನ ಹೊತ್ತಿಗೆ ಫೋಟೊ ಬ್ಯಾಕಪ್ಪನ್ನು ನಿಲ್ಲಿಸಿಕೊಂಡರೂ ಆದೀತು.

ಕರೆಗಳೆಲ್ಲ ಸರಾಗವಾಗಿದ್ದು, ವಿಪಿಎನ್ ಸೇರಿಕೊಂಡಾಗ ಮಾತ್ರ ದೊಡ್ಡ ಫೈಲುಗಳು ಅರ್ಧದಲ್ಲಿ ನಿಲ್ಲುವುದು ಬೇರೆಯೇ ಜಾತಿಯ ತೊಂದರೆ. ಈಥರ್ನೆಟ್ಟಿನ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ ೧೫೦೦ ಬೈಟುಗಳ ಮಿತಿಯುಂಟು. ವಿಪಿಎನ್ ತನ್ನದೊಂದು ಹೊದಿಕೆಯನ್ನು ಕೂಡಿಸುವುದರಿಂದ, ಮಿತಿ ಮೀರಿದ ಪ್ಯಾಕೆಟ್ಟು ದಾರಿಯಲ್ಲಿ ಸುಳಿವಿಲ್ಲದೆ ಬಿದ್ದುಹೋಗಬಹುದು. ವಿಪಿಎನ್ನಿನ ಎಂಟಿಯುವನ್ನು, ಎಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ಮಿತಿಯನ್ನು, ೧೪೦೦ರ ಸುಮಾರಿಗೆ, ಬೇಕಾದರೆ ಇನ್ನೂ ಕೆಳಕ್ಕೆ, ಇಳಿಸಿ ನೋಡಬೇಕು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಅನುಮತಿಯಿರದಿದ್ದರೆ ಐಟಿ ವಿಭಾಗದವರಿಗೆ ‘ನೆಟ್ ಸರಿಯಿಲ್ಲ’ ಎನ್ನುವುದಕ್ಕಿಂತ, ಸಣ್ಣವು ಹೋಗುತ್ತವೆ, ದೊಡ್ಡವು ಸಿಕ್ಕಿಕೊಳ್ಳುತ್ತವೆ ಎಂದು ತಿಳಿಸುವುದು ಲೇಸು.