ಎರಡು ಗಂಡಿಗಳ ನಡುವಣ ಸಂಡೂರು

ಕುರುಬರಹಳ್ಳಿಯ ಅಡ್ಡರಸ್ತೆಗಳಲ್ಲಿ ಕಿಟಕಿಯ ಗ್ರಿಲ್ ಬೆಸೆಯುವ ಅಂಗಡಿಗಳ ಮುಂದೆ ಹಾದುಹೋಗುವಾಗಲೆಲ್ಲ, ಕಿಡಿಯುದುರಿಸುತ್ತಿರುವ ಆ ಕಬ್ಬಿಣವು ಯಾವ ಬೆಟ್ಟದ ಒಡಲಿನದೋ ಎಂಬ ಯೋಚನೆ ನನ್ನನ್ನು ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಒಯ್ಯುವುದುಂಟು.

ಗಿರಿಶ್ರೇಣಿಗಳಿಂದ ಪರಿವೃತವಾದ ಈ ಕಣಿವೆಗೆ ನೀರೇ ಬಾಗಿಲುಗಳನ್ನು ಕೊರೆದಿದೆ: ನಾರಿಹಳ್ಳವು ಓಬಳಗಂಡಿಯಲ್ಲಿ ಒಳಹೊಕ್ಕು, ಭೀಮಗಂಡಿಯಲ್ಲಿ ಹೊರಬಿದ್ದು, ದರೋಜಿಯ ಕೆರೆಯತ್ತ ಸಾಗುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಬೆಂದು ಬಂದವನಿಗೆ, ಮಳೆಗಾಲದ ಕೊನೆಯಲ್ಲಿ, ಗಂಡಿಯ ಕಪ್ಪುಗೆಂಪು ಬಂಡೆಗಳಾಚೆ ಥಟ್ಟನೆ ತೆರೆದುಕೊಳ್ಳುವ ಹಸುರು ಬೇರೊಂದು ಸೀಮೆಯದೆಂದೇ ತೋರುವುದು.

ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ನೆಲೆಯೂರಿದ ಮರಾಠಾ ಘೋರ್ಪಡೆ ವಂಶದ ಪುಟ್ಟ ಸಂಸ್ಥಾನವು, ಹೈದರ್-ಟಿಪ್ಪು ಕಾಲದಲ್ಲೊಮ್ಮೆ ಕೈತಪ್ಪಿ ಮತ್ತೆ ದೊರೆತು, 1949ರಲ್ಲಿ ಮದ್ರಾಸಿನೊಡನೆ ವಿಲೀನವಾಗಿ, 1953ರಲ್ಲಿ ಬಳ್ಳಾರಿಯ ಜೊತೆಗೇ ಮೈಸೂರಿಗೆ ಬಂದಿತು. ಬೆಟ್ಟದ ಮೇಲಣ ಪ್ರಾಚೀನ ಕುಮಾರಸ್ವಾಮಿ ದೇವಾಲಯವನ್ನು 1932ರಲ್ಲಿ ಹರಿಜನರಿಗೆ ತೆರೆದುದಕ್ಕಾಗಿ ಅಂದಿನ ಅರಸರು ಗಾಂಧೀಜಿಯವರ ಪ್ರಶಂಸೆಗೆ ಪಾತ್ರರಾದರು. ಆದರೆ ಸ್ವಾಮಿಯ ದರ್ಶನ ಸ್ತ್ರೀಯರಿಗೆ ಸಲ್ಲದೆಂಬ ಸಂಪ್ರದಾಯವನ್ನು ಆ ಉದಾರ ಹಸ್ತವೂ ಮುಟ್ಟಲಿಲ್ಲವೆಂಬುದನ್ನು ನೆನೆದಾಗ ನನಗೆ ಕೊಂಚ ಕಸಿವಿಸಿ.

ಯಾವ ಬೆಟ್ಟಗಳು ಊರನ್ನು ಕಾದವೋ ಅವುಗಳಲ್ಲಿಯೇ ಮ್ಯಾಂಗನೀಸೂ ಕಬ್ಬಿಣವೂ ಅಡಗಿದ್ದವು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು; ಮುಂದೆ ಅದಿರಿನ ಬೆಲೆಯೇರಿದ ದಿನಗಳಲ್ಲಿ ಲಾರಿಗಳು ಎಬ್ಬಿಸಿದ ಕೆಂಧೂಳು ಮರದೆಲೆಗಳ ಬಣ್ಣವನ್ನೇ ಮರೆಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿದ ಕಥೆ ಸರ್ವವಿದಿತ.

ಊರಿನ ಹೆಸರನ್ನು ಹೊತ್ತು ಹೊರಬರುವ ಸರಕು ಅದಿರೊಂದೇ ಅಲ್ಲ. ಒಂದು ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ನಾಡುನಾಡು ಸುತ್ತಿದ ಲಂಬಾಣಿಗರ ಹೆಣ್ಣುಮಕ್ಕಳು ತಮ್ಮ ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳ ಮೇಲೆ ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಕೂಡಿಸಿ ಹಾಕುತ್ತಿದ್ದ ಕಸೂತಿಯು ಇಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಜೀವನೋಪಾಯವಾಗಿ ಬೆಳೆದು, 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆಯಿತು. 2023ರ ಜುಲೈಯಲ್ಲಿ, ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ, 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆ ಸೇರಿತು. ಪರದೇಶದ ಅತಿಥಿಗಳು ಅಂದು ಬಗ್ಗಿ ನೋಡಿದ್ದು, ತಾಂಡಾದ ಹೆಂಗಸು ಅಳತೆಗೋಲಿಲ್ಲದೆ, ಬಟ್ಟೆಯ ಎಳೆಗಳನ್ನೆಣಿಸಿಯೇ ಕೂರಿಸಿದ ಹೊಲಿಗೆಗಳನ್ನು.