ಕೈ ಬದಲಾದ ಮೋಟಾರು

ಕಾಶಿಯ ದಶಾಶ್ವಮೇಧ ಘಾಟಿನ ಮೆಟ್ಟಿಲುಗಳ ಮೇಲೆ ನಮ್ಮವರೇ ಆದ ಹೋಟೆಲ್ ಗುಮಾಸ್ತರೊಬ್ಬರು ಸಿಕ್ಕರು. ತಮ್ಮ ಹಳೆಯ ಮಿತ್ಸುಬಿಷಿ ಲ್ಯಾನ್ಸರನ್ನು ಪರಿಚಿತರಿಗೆ ಮಾರಿ, ನಗದು ಎಣಿಸಿಕೊಂಡು, ಕೀಲಿಕೈ ಕೊಟ್ಟು ನಿಶ್ಚಿಂತರಾಗಿದ್ದರು. ಸಾರಿಗೆ ಕಚೇರಿಯ ಕಾಗದಗಳನ್ನು ವಿಚಾರಿಸಿದೆವು, ನಕ್ಕುಬಿಟ್ಟರು.

ನಮಗೆ ನಗು ಬರಲಿಲ್ಲ. ಕಾರು ಎಷ್ಟು ಕೈ ದಾಟಿದರೂ, ನೋಂದಣಿಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ 29ನೆಯ ನಮೂನೆಯನ್ನು ಸಲ್ಲಿಸತಕ್ಕದ್ದು. ಕೊಂಡವರಿಗೆ 30 ದಿನಗಳ ಗಡುವು.

ಕೊಂಡವರಾದರೋ ಅಗಲವಾದ ಚಕ್ರಗಳಿಗೂ ಗರ್ಜಿಸುವ ಸೈಲೆನ್ಸರಿಗೂ ಮರುಳಾದರಂತೆ. (ಗೊದೌಲಿಯಾದ ಗದ್ದಲದಲ್ಲಿ ಆ ಗರ್ಜನೆ ಯಾರಿಗೆ ಕೇಳೀತು!) ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟು ಸಲ್ಲದೆಂದು ಅದೇ ನ್ಯಾಯಾಲಯವು 2019ರಲ್ಲಿ ಹೇಳಿದೆ.

ಗುಮಾಸ್ತರು ಸಂಜೆಯ ಆರತಿಗೂ ನಿಲ್ಲದೆ ಕೊಂಡವರ ಮನೆಯತ್ತ ಧಾವಿಸಿದರು.